ಹಳೆಯ ಗ್ರಂಥಗಳನ್ನು ಅವುಗಳ ಲೋಕದೊಳಗಿಟ್ಟು ಓದುವ ಬಗ್ಗೆ: ಕಾಸರಗೋಡಿನ ಕನ್ನಡ ಅಧ್ಯಾಪಕರಿಗೆ ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಶಾಲೆ-ಕಾಲೇಜುಗಳ ಕನ್ನಡ ಅಧ್ಯಾಪಕರಿಗೆ ಮತ್ತು ಕನ್ನಡ ಸಂಶೋಧನ ವಿದ್ಯಾರ್ಥಿಗಳಿಗೆ,



ಪಂಪನ ಆದಿಪುರಾಣವನ್ನು ಪಾಠ ಮಾಡುವಾಗ ಭವಾವಳಿ ಎಂದರೇನು, ಪಂಚಕಲ್ಯಾಣಗಳು ಯಾವುವು ಎಂಬುದನ್ನು ವಿವರಿಸದೆ ಯಾವ ಅಧ್ಯಾಪಕರೂ ಮುಂದಿನ ಪದ್ಯಕ್ಕೆ ಹೋಗುವುದಿಲ್ಲ. ವಚನಗಳನ್ನು ಓದಿಸುವಾಗ ಷಟ್‌ಸ್ಥಲದ ಪರಿಚಯ ಮಾಡಿಕೊಡುವುದೂ ಅಷ್ಟೇ ಸಹಜವಾದ ರೂಢಿ. ಕವಿಯ ಲೋಕದೃಷ್ಟಿ, ಅಂದರೆ ಜಗತ್ತು ಹೇಗೆ ರಚಿತವಾಗಿದೆ, ಕಾಲ ಎತ್ತ ಸಾಗುತ್ತದೆ, ಮನುಷ್ಯನ ಗತಿ ಏನು ಎಂಬ ವಿಷಯಗಳಲ್ಲಿ ಅವನು ಪ್ರಶ್ನಿಸದೆಯೇ ಒಪ್ಪಿಕೊಂಡಿದ್ದ ತಿಳಿವಳಿಕೆ, ಓದುಗನಿಗೆ ಗೊತ್ತಿಲ್ಲದಿದ್ದರೆ ಕಾವ್ಯದ ಅರ್ಧ ಭಾಗ ಮೌನವಾಗಿಯೇ ಉಳಿಯುತ್ತದೆ ಎಂಬುದು ಕನ್ನಡ ಅಧ್ಯಾಪನದ ಹಳೆಯ ಅನುಭವ. ಆದರೆ ಕ್ರೈಸ್ತ ವಸ್ತುವಿನ ಗ್ರಂಥಗಳು ಎದುರಾದಾಗ ಈ ಶಿಸ್ತು ಸಡಿಲವಾಗುತ್ತದೆ. ಯೇಸುವಿನ ಕಥೆ ಎಲ್ಲರಿಗೂ ಗೊತ್ತಿರುವುದೇ ಎಂಬ ಭಾವನೆಯಿಂದ ಕರುಣೆ, ಕ್ಷಮೆ, ತ್ಯಾಗ ಎಂಬ ಎರಡು-ಮೂರು ಮಾತುಗಳಲ್ಲಿ ಪಾಠ ಮುಗಿದುಹೋಗುತ್ತದೆ. ಆ ಗ್ರಂಥಗಳ ಹಿಂದಿರುವ ಮಧ್ಯಯುಗದ ಕ್ರೈಸ್ತ ಲೋಕದೃಷ್ಟಿಯನ್ನು ಕಾಸರಗೋಡಿನ ಕನ್ನಡ ತರಗತಿಗಳು ಆದಿಪುರಾಣಕ್ಕೆ ಕೊಡುವಷ್ಟೇ ಶ್ರದ್ಧೆಯಿಂದ ಎತ್ತಿಕೊಳ್ಳಬೇಕು ಎಂಬುದು ಈ ಪತ್ರದ ವಿನಂತಿ.

ಈ ವಿನಂತಿಯನ್ನು ಕಾಸರಗೋಡಿನ ಅಧ್ಯಾಪಕರ ಮುಂದೆಯೇ ಇಡುವುದಕ್ಕೆ ಕಾರಣವಿದೆ. ಆಧುನಿಕ ಕನ್ನಡದಲ್ಲಿ ಕ್ರಿಸ್ತನ ಕಡೆಯ ದಿನವನ್ನು ವಸ್ತುವಾಗಿ ಮಾಡಿಕೊಂಡ ಖಂಡಕಾವ್ಯ 'ಗೊಲ್ಗೊಥಾ'ವನ್ನು ಬರೆದವರು ಮಂಜೇಶ್ವರದ ಗೋವಿಂದ ಪೈಗಳು (1883–1963). ಮನೆಮಾತು ಕೊಂಕಣಿ, ಬರವಣಿಗೆ ಕನ್ನಡ, ವ್ಯಾಸಂಗ ಹತ್ತಾರು ಭಾಷೆಗಳಲ್ಲಿ ಎಂಬಂತಿದ್ದ ಅವರಿಗೆ ಮದರಾಸು ಸರ್ಕಾರ 1949ರಲ್ಲಿ ರಾಷ್ಟ್ರಕವಿ ಎಂಬ ಗೌರವವನ್ನು ನೀಡಿತು. ಅದೇ ಮಂಜೇಶ್ವರ, ಕುಂಬಳೆ, ಬೇಳ ಮೊದಲಾದ ಊರುಗಳಲ್ಲಿ ಕೊಂಕಣಿ ಮಾತನಾಡುವ ಕ್ಯಾಥೊಲಿಕ್ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಬೇಳದ ವ್ಯಾಕುಲ ಮಾತೆಯ ಇಗರ್ಜಿ 1890ರಷ್ಟು ಹಿಂದಿನದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಆದರೂ ಆ ಊರುಗಳ ಲ್ಯಾಟಿನ್ ಕ್ಯಾಥೊಲಿಕ್ ಇಗರ್ಜಿಗಳ ನಂಟು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದೊಂದಿಗೇ ಇದೆ. ಆ ಕುಟುಂಬಗಳ ಹಿರಿಯರು ಗೋವೆಯಿಂದ ಕೆನರಾ ಕರಾವಳಿಗೆ ಬಂದಾಗ ತಮ್ಮೊಂದಿಗೆ ತಂದ ಪರಂಪರೆಯ ದೊಡ್ಡ ಗ್ರಂಥ 'ಕ್ರಿಸ್ತಪುರಾಣ'. ಕ್ರೈಸ್ತರಲ್ಲದ ಕನ್ನಡ ಕವಿಯೊಬ್ಬರ ಕಾವ್ಯ, ಕರಾವಳಿಯ ಕ್ರೈಸ್ತರು ಹಾಡಿಕೊಂಡು ಬಂದ ಪುರಾಣ: ಇವೆರಡೂ ಒಂದೇ ನೆಲದ ನೆನಪಿನಲ್ಲಿ ಕೂಡುವುದು ಕಾಸರಗೋಡಿನ ಭಾಗ್ಯ.

ಕ್ರಿಸ್ತಪುರಾಣದ ಕರ್ತೃ ಥಾಮಸ್ ಸ್ಟೀಫನ್ಸ್ ಇಂಗ್ಲೆಂಡಿನಲ್ಲಿ ಹುಟ್ಟಿ, ಯೇಸುಸಭೆ ಎಂಬ ಸನ್ಯಾಸಿ ಸಂಘವನ್ನು ಸೇರಿ, 1579ರಲ್ಲಿ ಗೋವೆಗೆ ಬಂದು, ಅಲ್ಲಿಯೇ 1619ರಲ್ಲಿ ತೀರಿಕೊಂಡ ಪಾದ್ರಿ. ಮರಾಠಿಯ ಓವಿ ಛಂದಸ್ಸಿನಲ್ಲಿ, ಕೊಂಕಣಿಯ ಮಾತುಗಳನ್ನು ಬೆರೆಸಿ ಅವನು ರಚಿಸಿದ ಸುಮಾರು ಹನ್ನೊಂದು ಸಾವಿರ ಪದ್ಯಗಳ ಈ ಗ್ರಂಥ 1616ರಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅವರು ಅದನ್ನು ಮಂಗಳೂರಿನಲ್ಲಿ ಮತ್ತೆ ಸಂಪಾದಿಸಿ ಪ್ರಕಟಿಸಿದರು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಕೆನರಾ ಕ್ರೈಸ್ತರಿಗೆ ಧೈರ್ಯ ಕೊಟ್ಟದ್ದು ಈ ಪುರಾಣದ ಪದ್ಯಗಳೇ ಎಂಬ ನೆನಪು ಸಮುದಾಯದಲ್ಲಿ ಉಳಿದುಬಂದಿದೆ.

ಇಲ್ಲಿ ಮಧ್ಯಯುಗ ಎಂಬ ಪದವನ್ನು ಯುರೋಪಿನ ಇತಿಹಾಸದಲ್ಲಿ ಸುಮಾರು 5ನೆಯ ಶತಮಾನದಿಂದ 15ನೆಯ ಶತಮಾನದವರೆಗಿನ ಅವಧಿಗೆ ಬಳಸಲಾಗಿದೆ. ಕನ್ನಡ ಸಾಹಿತ್ಯಚರಿತ್ರೆಯಲ್ಲಿ ನಡುಗನ್ನಡದ ಕಾಲ ಎನ್ನುವಾಗಿನ ಅರ್ಥವೇ ಬೇರೆ. ಸ್ಟೀಫನ್ಸ್ ಈ ಅವಧಿ ಮುಗಿದ ಮೇಲೆ ಹುಟ್ಟಿದವನು, ಗೋವಿಂದ ಪೈಗಳಂತೂ 20ನೆಯ ಶತಮಾನದವರು. ಆದರೆ ಲೋಕದೃಷ್ಟಿಗಳು ಪಂಚಾಂಗದ ಹಾಳೆಯಂತೆ ಮಗುಚಿಕೊಳ್ಳುವುದಿಲ್ಲ. ಸ್ಟೀಫನ್ಸನಿಗೆ ಸಿಕ್ಕಿದ ದೇವತಾಶಾಸ್ತ್ರ, ಖಗೋಳ ಮತ್ತು ವ್ಯಾಖ್ಯಾನಪದ್ಧತಿಗಳು ಮಧ್ಯಯುಗದಲ್ಲಿ ರೂಪುಗೊಂಡವು. ಗೋವಿಂದ ಪೈಗಳ ಕೈಗೆ ಬಂದ ಶಿಲುಬೆಯ ಕಥೆಯೂ ಅದೇ ಸಾವಿರ ವರ್ಷಗಳ ಚಿತ್ರ, ಹಾಡು, ನಾಟಕ, ಪ್ರವಚನಗಳ ನಡುವೆ ಹಾದುಬಂದದ್ದು.

ಮೊದಲು ಜಗತ್ತಿನ ರಚನೆಯನ್ನು ನೋಡಬಹುದು. ಮಧ್ಯಯುಗದ ಕ್ರೈಸ್ತ ವಿದ್ವಾಂಸರ ವಿಶ್ವದಲ್ಲಿ ಭೂಮಿ ನಡುವೆ ಅಚಲವಾಗಿತ್ತು. ಅದರ ಸುತ್ತ ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿಗಳ ಗೋಳಗಳು ಒಂದರ ಹೊರಗೊಂದು ತಿರುಗುತ್ತಿದ್ದವು. ಅವುಗಳಾಚೆ ನಕ್ಷತ್ರಗಳ ಗೋಳ, ಅದರಾಚೆ ಎಲ್ಲವನ್ನೂ ತಿರುಗಿಸುವ ಗೋಳ, ಎಲ್ಲದರಾಚೆ ದೇವರ ಮತ್ತು ಸಂತರ ನಿತ್ಯನಿವಾಸ. ದೇವದೂತರನ್ನು ಒಂಬತ್ತು ಶ್ರೇಣಿಗಳಾಗಿ ಎಣಿಸುತ್ತಿದ್ದರು. ಭೂಮಿ ನಡುವೆ ಇತ್ತು ಎಂದ ಮಾತ್ರಕ್ಕೆ ಅದು ಶ್ರೇಷ್ಠ ಸ್ಥಾನವೆಂದು ತಿಳಿಯಬಾರದು. ಭಾರವಾದದ್ದೆಲ್ಲ ಇಳಿದು ಸೇರುವ ತಳವೇ ಆ ನಡು, ನರಕವಿದ್ದದ್ದೂ ಅದರ ಗರ್ಭದಲ್ಲಿ. ಆದ್ದರಿಂದ ದೇವರ ಮಗ ಭೂಮಿಗೆ ಇಳಿದು ಬಂದ ಎಂಬ ಮಾತು ಆ ಓದುಗರಿಗೆ ಬರಿಯ ಅಲಂಕಾರವಾಗಿರಲಿಲ್ಲ. ಇಡೀ ವಿಶ್ವದ ಎತ್ತರವನ್ನು ಇಳಿದ ಪಯಣ ಅದಾಗಿತ್ತು. ಕನ್ನಡ ವಿದ್ಯಾರ್ಥಿಗೆ ಇದನ್ನು ಕೇಳಿದೊಡನೆ ನವಗ್ರಹಗಳೂ ಹದಿನಾಲ್ಕು ಲೋಕಗಳೂ ನೆನಪಾಗುವುದು ಸಹಜ. ಆದರೆ ನವಗ್ರಹಗಳಲ್ಲಿರುವ ರಾಹು-ಕೇತುಗಳು ಆ ಗೋಳಗಳಲ್ಲಿಲ್ಲ. ಪುಣ್ಯ ತೀರಿದ ಮೇಲೆ ಮರ್ತ್ಯಕ್ಕೆ ಮರಳಬೇಕಾದ ಸ್ವರ್ಗದ ಕಲ್ಪನೆಯೂ ಅಲ್ಲಿಲ್ಲ. ಕ್ರಿಸ್ತಪುರಾಣ ಅಚ್ಚಾದ 1616ನೆಯ ಇಸವಿಯಲ್ಲಿಯೇ ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದ ಕೊಪರ್ನಿಕಸನ ಗ್ರಂಥವನ್ನು ತಿದ್ದುಪಡಿಯಾಗುವವರೆಗೆ ಓದಕೂಡದೆಂದು ರೋಮ್ ತಡೆಹಿಡಿಯಿತು ಎಂಬ ಒಂದು ಸಂಗತಿಯೇ, ಆ ಪುರಾಣದ ಶ್ರೋತೃಗಳ ತಲೆಯ ಮೇಲೆ ಯಾವ ಆಕಾಶವಿತ್ತು ಎಂಬುದನ್ನು ತಿಳಿಸಲು ಸಾಕು.

ಎರಡನೆಯದು ಕಾಲದ ಕಲ್ಪನೆ. ನಾಲ್ಕು ಯುಗಗಳು ಚಕ್ರದಂತೆ ಮರಳಿ ಬರುವ ಪುರಾಣಗಳಲ್ಲಿ ಬೆಳೆದ ಓದುಗನಿಗೆ ಮಧ್ಯಯುಗದ ಕ್ರೈಸ್ತ ಕಾಲ ತೀರ ಹೊಸದಾಗಿ ಕಾಣಬೇಕು. ಸಂತ ಅಗಸ್ಟೀನನು ಲೋಕದ ಇತಿಹಾಸವನ್ನು ಆದಾಮನಿಂದ ಅಂತ್ಯತೀರ್ಪಿನವರೆಗೆ ಆರು ಯುಗಗಳಾಗಿ ವಿಂಗಡಿಸಿದ; ಅವು ಒಂದೇ ಸಲ ನಡೆಯುತ್ತವೆ, ಮರುಕಳಿಸುವುದಿಲ್ಲ. ಹೀಗೆ ಇತಿಹಾಸವೆಲ್ಲ ಒಂದೇ ಕಥೆಯಾದಾಗ, ಹಿಂದಿನ ಘಟನೆ ಮುಂದಿನ ಘಟನೆಯ ನೆರಳಾಗುತ್ತದೆ. ಹಳೆಯ ಒಡಂಬಡಿಕೆಯ ಒಂದು ಘಟನೆಯನ್ನು ಹೊಸ ಒಡಂಬಡಿಕೆಯ ಘಟನೆಯ ಮುನ್ಸೂಚನೆಯಾಗಿ ಓದುವ ಈ ಕ್ರಮವನ್ನು ಮುನ್ನೆರಳಿನ ಓದು ಎಂದು ಕರೆಯಬಹುದು. ಕ್ರಿಸ್ತಪುರಾಣ ಎರಡು ಭಾಗಗಳಾಗಿರುವುದೂ ಇದರಿಂದಲೇ: ಮೊದಲ ಪುರಾಣ ಸೃಷ್ಟಿಯಿಂದ ಹಿಡಿದು ರಕ್ಷಕನಿಗಾಗಿ ಕಾಯುವ ಕಥೆ, ಎರಡನೆಯದು ಆ ರಕ್ಷಕ ಬಂದ ಕಥೆ.

ಈ ಓದಿನ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಆದಿಕಾಂಡದಲ್ಲಿ ದೇವರು ಅಬ್ರಹಾಮನನ್ನು ಪರೀಕ್ಷಿಸಲು ಅವನ ಮಗ ಇಸಾಕನನ್ನು ಬಲಿ ಕೊಡುವಂತೆ ಹೇಳುತ್ತಾನೆ. ಬಲಿಗೆ ಬೇಕಾದ ಕಟ್ಟಿಗೆಯನ್ನು ತಂದೆ ಮಗನ ಹೆಗಲಿಗೇ ಹೊರಿಸುತ್ತಾನೆ. ಬೆಟ್ಟದ ಮೇಲೆ ಕತ್ತಿ ಎತ್ತಿದಾಗ ದೇವದೂತ ತಡೆಯುತ್ತಾನೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಮಗನ ಬದಲಿಗೆ ಬಲಿಯಾಗುತ್ತದೆ. ಕನ್ನಡದ ಓದುಗನ ಮನಸ್ಸು ಕೂಡಲೇ ಸಿರಿಯಾಳನ ಕಥೆಗೆ ಹೋಗುತ್ತದೆ: ಜಂಗಮನ ವೇಷದಲ್ಲಿ ಬಂದ ಶಿವ ಮಗನ ಮಾಂಸವನ್ನೇ ಬೇಡುವುದು, ಸಿರಿಯಾಳ-ಚಂಗಳೆಯರು ಅದಕ್ಕೂ ಒಪ್ಪುವುದು, ಕೊನೆಗೆ ಮಗ ಜೀವಂತವಾಗಿ ಮರಳುವುದು. ಹೋಲಿಕೆ ಸರಿಯಾದದ್ದೇ, ತರಗತಿಯಲ್ಲಿ ಅದನ್ನು ಹೇಳಲೇಬೇಕು. ಆದರೆ ಸಿರಿಯಾಳನ ಕಥೆ ತನ್ನಲ್ಲಿ ತಾನು ಪೂರ್ಣ. ಭಕ್ತಿಯ ಪರೀಕ್ಷೆ ನಡೆಯಿತು, ಭಕ್ತ ಗೆದ್ದ, ಕೈಲಾಸ ದೊರೆಯಿತು. ಮಧ್ಯಯುಗದ ಕ್ರೈಸ್ತನಿಗೆ ಇಸಾಕನ ಕಥೆ ಅರ್ಧ ವಾಕ್ಯ ಮಾತ್ರ. ಕಟ್ಟಿಗೆ ಹೊತ್ತು ಬೆಟ್ಟ ಹತ್ತಿದ ಮಗ ಶಿಲುಬೆ ಹೊತ್ತು ಗುಡ್ಡ ಹತ್ತಿದ ಮಗನ ನೆರಳು. ಪೊದೆಯಲ್ಲಿ ಸಿಕ್ಕಿಕೊಂಡ ಟಗರಿನ ಕೊಂಬು ಮುಳ್ಳಿನ ಕಿರೀಟದ ನೆರಳು. ಅಲ್ಲಿ ತಡೆದ ಕೈ ಇಲ್ಲಿ ತಡೆಯಲಿಲ್ಲ ಎಂಬಲ್ಲಿಗೆ ವಾಕ್ಯ ಮುಗಿಯುತ್ತದೆ. ಈ ಕ್ರಮ ತಿಳಿಯದವನಿಗೆ ಶಿಲುಬೆಯ ಕಥೆ ಒಬ್ಬ ಸಜ್ಜನನಿಗಾದ ಅನ್ಯಾಯದಂತೆ ಕಾಣುತ್ತದೆ. ತಿಳಿದವನಿಗೆ ಅದು ಸೃಷ್ಟಿಯ ಮೊದಲ ದಿನದಿಂದ ಹೊರಟ ಒಂದು ಕಥೆಯ ತುದಿಯಾಗಿ ಕಾಣುತ್ತದೆ.

ಮೂರನೆಯದು ಅರ್ಥಗಳ ಪದರ. ಪವಿತ್ರಗ್ರಂಥದ ಒಂದೇ ಮಾತಿಗೆ ನಾಲ್ಕು ಅರ್ಥಗಳಿರುತ್ತವೆ ಎಂಬುದು ಮಧ್ಯಯುಗದ ವ್ಯಾಖ್ಯಾನಕಾರರ ಸಿದ್ಧಾಂತ: ನಡೆದದ್ದನ್ನು ತಿಳಿಸುವ ವಾಚ್ಯಾರ್ಥ, ನಂಬಬೇಕಾದದ್ದನ್ನು ತಿಳಿಸುವ ಸಾಂಕೇತಿಕ ಅರ್ಥ, ಮಾಡಬೇಕಾದದ್ದನ್ನು ತಿಳಿಸುವ ನೈತಿಕ ಅರ್ಥ, ಕೊನೆಗೆ ಸೇರಬೇಕಾದ ಗತಿಯನ್ನು ತಿಳಿಸುವ ಪಾರಮಾರ್ಥಿಕ ಅರ್ಥ. 5ನೆಯ ಶತಮಾನದ ಜಾನ್ ಕ್ಯಾಸಿಯನ್ ಕೊಟ್ಟ ಉದಾಹರಣೆ ಪಾಠಕ್ಕೆ ಇಂದಿಗೂ ಅನುಕೂಲವಾಗಿದೆ. ಜೆರೂಸಲೇಂ ಎಂಬ ಹೆಸರು ವಾಚ್ಯವಾಗಿ ಯೆಹೂದ್ಯರ ನಗರ, ಸಂಕೇತವಾಗಿ ಕ್ರಿಸ್ತನ ಸಭೆ, ನೈತಿಕವಾಗಿ ಮನುಷ್ಯನ ಆತ್ಮ, ಪಾರಮಾರ್ಥಿಕವಾಗಿ ಸ್ವರ್ಗದಲ್ಲಿರುವ ದೇವರ ನಗರ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಇದಕ್ಕೆ ಒಂದು ಕಟ್ಟಳೆಯನ್ನು ವಿಧಿಸಿದ: ಮಿಕ್ಕ ಮೂರು ಅರ್ಥಗಳೂ ವಾಚ್ಯಾರ್ಥದ ಬುನಾದಿಯ ಮೇಲೆಯೇ ನಿಲ್ಲಬೇಕು. ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಮಾತು ಪರಕೀಯವೆನಿಸಬಾರದು. ಪಾರ್ತಿಸುಬ್ಬನ ಪ್ರಸಂಗದ ಪದ್ಯ ಎಲ್ಲ ಕೂಟಗಳಲ್ಲಿಯೂ ಒಂದೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಅದರಿಂದ ಎಷ್ಟೇ ದೂರದ ವಿಚಾರಕ್ಕೆ ಕೈಚಾಚಿದರೂ ಪದ್ಯದ ಜಾಡನ್ನು ಬಿಡುವಂತಿರಲಿಲ್ಲ. ಮಧ್ಯಯುಗದ ಬೈಬಲ್ ಹಸ್ತಪ್ರತಿಗಳಲ್ಲಿಯೂ ಹಾಗೆಯೇ, ಪುಟದ ನಡುವೆ ಮೂಲಪಾಠ, ಅದರ ಸುತ್ತ ಸಣ್ಣಕ್ಷರದ ಟೀಕೆ.

ಈಗ 'ಗೊಲ್ಗೊಥಾ' ಎಂಬ ಹೆಸರನ್ನೇ ಎತ್ತಿಕೊಳ್ಳಬಹುದು. ಅರಾಮಿಕ್ ಮೂಲದ ಈ ಪದಕ್ಕೆ ತಲೆಬುರುಡೆಯ ಜಾಗ ಎಂದು ಅರ್ಥ. ಕನ್ನಡ ಬೈಬಲ್ ಅದನ್ನು ಕಪಾಲಸ್ಥಳ ಎನ್ನುತ್ತದೆ. ಸುವಾರ್ತೆಗಳು ಇಷ್ಟನ್ನೇ ಹೇಳಿ ಮುಂದಕ್ಕೆ ಹೋಗುತ್ತವೆ. ಆದರೆ ಆ ಬುರುಡೆ ಆದಾಮನದೇ, ಮೊದಲ ಮನುಷ್ಯನನ್ನು ಹೂತ ಜಾಗದಲ್ಲಿಯೇ ಶಿಲುಬೆ ನೆಟ್ಟಿತು, ಮೇಲಿನಿಂದ ಇಳಿದ ರಕ್ತ ಅವನ ಮೂಳೆಗಳನ್ನು ತೊಳೆಯಿತು ಎಂಬ ಐತಿಹ್ಯ ಹಳೆಯ ಕಾಲದಿಂದ ಬೆಳೆದು ಮಧ್ಯಯುಗದಲ್ಲಿ ಎಲ್ಲೆಡೆ ಹರಡಿತು. ಕೆಲವು ಶಿಲುಬೆಗಳ ಬುಡದಲ್ಲಿ, ಯೇಸುವಿನ ಪಾದಗಳ ಕೆಳಗೆ, ಒಂದು ಪುಟ್ಟ ಬುರುಡೆಯೂ ಅಡ್ಡಡ್ಡಲಾಗಿ ಎರಡು ಎಲುಬುಗಳೂ ಕಾಣುವುದು ಇದರಿಂದಲೇ. ಕಪಾಲ ಎಂದೊಡನೆ ಶಿವನನ್ನೂ ಸ್ಮಶಾನವನ್ನೂ ನೆನೆಯುವ ಕನ್ನಡ ವಿದ್ಯಾರ್ಥಿ ಆ ಬುರುಡೆಯನ್ನು ಸಾವಿನ ಭೀಕರತೆಯ ಗುರುತಾಗಿ ಓದುತ್ತಾನೆ. ಮಧ್ಯಯುಗದ ಭಕ್ತನಿಗೆ ಅದು ಬಿಡುಗಡೆಗಾಗಿ ಕಾದಿದ್ದ ಮೂಲಪುರುಷನ ಮುಖ.

ಹೀಗೆ ಸೇರಿಕೊಂಡ ಪದರಗಳು ಇನ್ನೂ ಇವೆ. ಯೇಸುವಿನ ಪಕ್ಕೆಯನ್ನು ಈಟಿಯಿಂದ ಇರಿದ ಸೈನಿಕನಿಗೆ ಯೋಹಾನನ ಸುವಾರ್ತೆಯಲ್ಲಿ ಹೆಸರಿಲ್ಲ. ಲಾಂಗಿನಸ್ ಎಂಬ ಹೆಸರು ನಿಕೊದೇಮನ ಸುವಾರ್ತೆಯೆಂಬ ಅನಧಿಕೃತ ಗ್ರಂಥದ ಪರಂಪರೆಯಿಂದ ಬಂದದ್ದು, ರಕ್ತ ತಾಗಿ ಅವನ ಕುರುಡು ಕಳೆಯಿತು ಎಂಬುದು ಮಧ್ಯಯುಗದ ಕಥೆ. ಶಿಶು ಯೇಸುವನ್ನು ನೋಡಲು ಬಂದ ಜ್ಞಾನಿಗಳು ಮೂವರು, ಅವರು ಅರಸರು ಎಂದು ಮತ್ತಾಯನು ಎಲ್ಲಿಯೂ ಹೇಳಿಲ್ಲ. ಕ್ರಿಸ್ಮಸ್ ಗೋದಲಿಯಲ್ಲಿ ಕಿರೀಟ ತೊಟ್ಟು ನಿಲ್ಲುವ ಮೂವರು ನಂತರದ ಸಂಪ್ರದಾಯದವರು. ಆದ್ದರಿಂದ ಗೋವಿಂದ ಪೈಗಳ ಕಾವ್ಯವನ್ನು ಓದಿಸುವಾಗ ಮೂರು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ: ನಾಲ್ಕು ಸುವಾರ್ತೆಗಳಲ್ಲಿ ಏನಿದೆ, ಮಧ್ಯಯುಗ ಅದಕ್ಕೆ ಏನನ್ನು ಸೇರಿಸಿತು, ಮಂಜೇಶ್ವರದ ಕವಿ ಇವುಗಳಲ್ಲಿ ಯಾವುದನ್ನು ಹಿಡಿದ, ಯಾವುದನ್ನು ಬಿಟ್ಟ, ತನ್ನದೆಂದು ಏನನ್ನು ತಂದ. ಬುದ್ಧನ ಕೊನೆಯ ದಿನಗಳನ್ನು ಕುರಿತು 'ವೈಶಾಖಿ'ಯನ್ನೂ ಬರೆದ ಕವಿ ಅವರು. ಕ್ರಿಸ್ತನ ಕಡೆಯ ದಿನವೂ ಬುದ್ಧನ ಪರಿನಿರ್ವಾಣವೂ ಅವರ ದೃಷ್ಟಿಯಲ್ಲಿ ಅಕ್ಕಪಕ್ಕ ನಿಲ್ಲುವುದೇ ಮಧ್ಯಯುಗದ ಕ್ರೈಸ್ತನಿಗೆ ಊಹೆಗೂ ನಿಲುಕದ ಸಂಗತಿ. ಕವಿಯ ಸ್ವಂತಿಕೆ ಎಷ್ಟು ದೊಡ್ಡದು ಎಂಬುದು ಹಿಂದಿನ ಲೋಕವನ್ನು ಬಲ್ಲವನಿಗೆ ಮಾತ್ರ ಅಳೆಯಲು ಸಾಧ್ಯ.

ಪದಗಳ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಸ್ಟೀಫನ್ಸ್ ಸ್ವರ್ಗಕ್ಕೆ ವೈಕುಂಠ ಎಂಬ ಪದವನ್ನೇ ಬಳಸಿದ. ಆ ಪದ ಬಂದಲ್ಲೆಲ್ಲ ವಿಷ್ಣುವಿನ ಲೋಕವನ್ನು ಕಾಣುವುದೂ ತಪ್ಪು, ಅದು ಪೊಳ್ಳು ಹೊದಿಕೆಯೆಂದು ತಳ್ಳಿಹಾಕುವುದೂ ತಪ್ಪು. ಕೇಳುಗರ ಕಿವಿಯಲ್ಲಿ ಎರಡು ಲೋಕಗಳು ಒಮ್ಮೆಗೇ ಮೊಳಗಿದ್ದವು. ಕನ್ನಡದ ಪಾಪ ಎಂಬ ಪದವೂ ಅಂಥದೇ. ಬಿದ್ದ ಮಗುವನ್ನು ಕಂಡು ಪಾಪ ಎಂದು ಮರುಗುವ ಭಾಷೆ ಇದು. ಮಾಡಿದವನು ಉಣ್ಣಬೇಕಾದ ಕರ್ಮಫಲಕ್ಕೂ ಇದೇ ಪದ. ಮಧ್ಯಯುಗದ ಕ್ರೈಸ್ತ ಚಿಂತನೆಯಲ್ಲಿ ಆದಾಮನ ಪಾಪ ಅವನ ಸಂತತಿಗೆಲ್ಲ ಹುಟ್ಟಿನಿಂದಲೇ ಅಂಟಿದ ಕೊರತೆ, ಮನುಷ್ಯ ತಾನಾಗಿ ತೀರಿಸಲಾರದ ಸಾಲ. ಈ ವ್ಯತ್ಯಾಸವನ್ನು ಹೇಳದೆ ಶಿಲುಬೆಯ ಅಗತ್ಯವನ್ನು ವಿವರಿಸಲು ಬರುವುದಿಲ್ಲ.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪ ಏಳಬಹುದು: ಮತಾಂತರದ ಕಾಲದ ಗ್ರಂಥವನ್ನು ಅದರದೇ ಲೋಕದೃಷ್ಟಿಯಿಂದ ಓದುವುದೆಂದರೆ ಅದರ ಹಿಂದಿದ್ದ ಅಧಿಕಾರವನ್ನು ಕ್ಷಮಿಸಿದಂತಾಗುವುದಿಲ್ಲವೇ? ಆಗಬಾರದು. ಗೋವೆಯಲ್ಲಿ ದೇವಾಲಯಗಳು ನಾಶವಾದವು, 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ನೆಲೆಗೊಂಡಿತು, 1684ರಲ್ಲಿ ಕೊಂಕಣಿಯನ್ನೇ ಬಿಡಿಸುವ ಸರ್ಕಾರಿ ಆಜ್ಞೆ ಹೊರಟಿತು. ಮತಾಂತರಗೊಂಡವರಿಗೆ ತಮ್ಮ ಹಳೆಯ ಪುರಾಣಗಳನ್ನು ಓದಲು ತಡೆಯಿದ್ದುದರಿಂದಲೇ ಅವರಿಗೆ ಬೇರೊಂದು ಪುರಾಣ ಬೇಕಾಯಿತು ಎಂಬುದನ್ನು ಕ್ರಿಸ್ತಪುರಾಣದ ಪೀಠಿಕೆಯ ಸಂವಾದವೇ ಬಿಟ್ಟುಕೊಡುತ್ತದೆ. ಒಳಗಿನಿಂದ ಓದುವುದು ಈ ಪ್ರಶ್ನೆಗಳನ್ನು ಅಳಿಸುವುದಿಲ್ಲ. ಏನು ಕಳೆದುಹೋಯಿತು, ಏನು ಉಳಿಯಿತು, ಉಳಿದದ್ದನ್ನು ಜನ ಹೇಗೆ ತಮ್ಮದಾಗಿಸಿಕೊಂಡರು ಎಂದು ಕರಾರುವಾಕ್ಕಾಗಿ ಕೇಳಲು ಅದು ನೆರವಾಗುತ್ತದೆ.

ತಿರುವುಮುರುವಾದ ತಪ್ಪು ಎಷ್ಟು ನೋವಿನದು ಎಂಬುದು ಈ ನೆಲಕ್ಕೆ ಗೊತ್ತಿದೆ. ತುಳುನಾಡಿನ ಭೂತಾರಾಧನೆಯ ಪಾಡ್ದನಗಳು ಇಂಗ್ಲಿಷಿನಲ್ಲಿ ವಿಸ್ತಾರವಾಗಿ ಪ್ರಕಟವಾದದ್ದು 1890ರ ದಶಕದಲ್ಲಿ, ಎ.ಸಿ. ಬರ್ನೆಲ್ ಅವರ ಸಂಗ್ರಹದಿಂದ. ಆ ಲೇಖನಮಾಲೆಯ ಶೀರ್ಷಿಕೆಯೇ ತುಳುವರ ಪಿಶಾಚಪೂಜೆ ಎಂಬ ಅರ್ಥದ್ದು. ಆ ಶೀರ್ಷಿಕೆಯ ಬೇರು ಮಧ್ಯಯುಗಕ್ಕಿಂತಲೂ ಹಿಂದಕ್ಕೆ ಹೋಗುತ್ತದೆ. ದೇವರಲ್ಲದ ಅಶರೀರ ಶಕ್ತಿಗಳೆಂದರೆ ಒಂದೋ ದೇವದೂತರು, ಇಲ್ಲವೇ ಬಿದ್ದ ದೇವದೂತರಾದ ಪಿಶಾಚಿಗಳು. ಅನ್ಯರು ಪೂಜಿಸುವುದೆಲ್ಲ ಎರಡನೆಯ ಗುಂಪಿಗೆ ಸೇರಿದ್ದು ಎಂದು ಅಗಸ್ಟೀನ್ ಮೊದಲಾದವರು ವಾದಿಸಿದ್ದರು. ಊರನ್ನು ಕಾಯುವ, ನ್ಯಾಯ ಹೇಳುವ, ಮನೆತನದ ಹೆಸರು ಹಿಡಿದು ಕರೆದು ಮಾತನಾಡುವ ದೈವಕ್ಕೆ ಆ ವಿಂಗಡಣೆಯಲ್ಲಿ ಮೂರನೆಯ ಮಣೆಯೇ ಇರಲಿಲ್ಲ. ತನ್ನ ದೈವವನ್ನು ಪಿಶಾಚಿ ಎಂದು ಓದಿದವರ ಮೇಲೆ ಈ ನೆಲಕ್ಕೆ ನ್ಯಾಯವಾದ ದೂರಿದೆ. ಅದೇ ದೂರು ತನ್ನ ಮೇಲೆ ಬಾರದಂತೆ, ಬೇಳದ ಇಗರ್ಜಿಯಲ್ಲಿ ಮೊಣಕಾಲೂರಿದವರ ಗ್ರಂಥವನ್ನೂ ಅವರ ಲೋಕದೊಳಗಿಟ್ಟು ಓದುವ ಹೊಣೆ ಇಲ್ಲಿನ ಕನ್ನಡಕ್ಕಿದೆ.

ಆದ್ದರಿಂದ ಅಧ್ಯಾಪಕ ಸಮುದಾಯದ ಮುಂದೆ ನಾಲ್ಕು ಕೆಲಸಗಳನ್ನು ಇಡಲಾಗುತ್ತಿದೆ. ಗೊಲ್ಗೊಥಾವನ್ನು ಓದಿಸುವ ತರಗತಿಯಲ್ಲಿ ನಾಲ್ಕು ಸುವಾರ್ತೆಗಳ ಕನ್ನಡ ಪಾಠ ಮೇಜಿನ ಮೇಲಿರಲಿ, ಪ್ರತಿಯೊಂದು ಘಟ್ಟವೂ ಅದರೊಂದಿಗೆ ತಾಳೆಯಾಗಲಿ. ಕ್ರಿಸ್ತಪುರಾಣದ ಕೆಲವು ಭಾಗಗಳನ್ನಾದರೂ ಕನ್ನಡ ಲಿಪಿಯಲ್ಲಿ, ಅರ್ಥ ಮತ್ತು ಟಿಪ್ಪಣಿಯೊಂದಿಗೆ, ಕೊಂಕಣಿ ಬಲ್ಲ ವಿದ್ಯಾರ್ಥಿಗಳ ನೆರವಿನಿಂದ ಸಿದ್ಧಪಡಿಸಬೇಕು. ಈ ಜಿಲ್ಲೆಯ ತರಗತಿಗಳಲ್ಲಿ ಅಂಥ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಪಾಪ, ಕೃಪೆ, ರಕ್ಷಣೆ, ಒಡಂಬಡಿಕೆ, ಬಲಿಪೂಜೆ ಮೊದಲಾದ ಪದಗಳು ಕನ್ನಡದ ಬೇರೆ ಬೇರೆ ಪರಂಪರೆಗಳಲ್ಲಿ ಪಡೆದ ಅರ್ಥಗಳನ್ನು ಅಕ್ಕಪಕ್ಕದಲ್ಲಿಡುವ ಒಂದು ಕಿರುಕೋಶ ತಯಾರಾಗಬೇಕು. ಎಲ್ಲಕ್ಕಿಂತ ಮೊದಲು, ತಪಸ್ಸುಕಾಲದ ಹಾಡುಗಳನ್ನೂ ಹಳೆಯ ಪ್ರಾರ್ಥನೆಗಳನ್ನೂ ಬಾಯಿಪಾಠವಾಗಿ ಬಲ್ಲ ಹಿರಿಯರ ಮನೆಗಳಿಗೆ ಹೋಗಿ, ಅವರ ಒಪ್ಪಿಗೆ ಪಡೆದು ದಾಖಲಿಸಿಕೊಳ್ಳಬೇಕು.

ಮೊದಲ ಮೂರು ಕೆಲಸಗಳಿಗೆ ಮುಂದಿನ ವರ್ಷವೂ ಸಮಯವಿರುತ್ತದೆ, ಏಕೆಂದರೆ ಪುಸ್ತಕಗಳು ಕಪಾಟಿನಲ್ಲಿ ಉಳಿಯುತ್ತವೆ. ನಾಲ್ಕನೆಯದಕ್ಕೆ ಹಾಗಿಲ್ಲ. ಆ ಹಿರಿಯರಿಗೆ ಈಗ ತುಂಬ ವಯಸ್ಸಾಗಿದೆ. ತಾವು ಈ ರಜೆಯಲ್ಲಿಯೇ ಹೊರಡಬೇಕು.

ಇತಿ,
ಕಾಸರಗೋಡಿನ ಕನ್ನಡದ ಹಿತೈಷಿ